ಓಣಿ ಉಳಿಸಲು ಹಾಕಿದ ಹಂದರ

ಮನುಷ್ಯರನ್ನು ಸಾಲಾಗಿ ನಿಲ್ಲಿಸಿದರೆ ಲೋಕದ ಅರ್ಧ ತೊಂದರೆಗಳು ತಾವಾಗಿಯೇ ತೀರುತ್ತವೆ ಎಂದು ನಂಬಿದವನು ನಾನು. ಉಳಿದರ್ಧ ಸೀಟಿ ಊದಿದರೆ ತೀರುತ್ತವೆ. ಸರಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ಇಡೀ ನೌಕರಿಯನ್ನು ಬಿಸಿಲಿನಲ್ಲಿ ನಿಂತು ಕಳೆದವನಿಗೆ ಇದಕ್ಕಿಂತ ದೊಡ್ಡ ವೇದಾಂತ ಹೊಳೆಯುವುದು ಕಷ್ಟ. ನಿವೃತ್ತನಾದ ಮೇಲೂ ನಸುಕಿನಲ್ಲಿ ಏಳುತ್ತೇನೆ, ಬೆನ್ನು ಸೆಟೆಸಿ ನಡೆಯುತ್ತೇನೆ, ಚಪ್ಪಲಿಗಳನ್ನು ಜೋಡಿ ಮಾಡಿ ಮೂಗು ಬಾಗಿಲ ಕಡೆಗಿರುವಂತೆ ಬಿಡುತ್ತೇನೆ. ಹೆಂಡತಿ ಗಿರಿಜವ್ವ ಹಗ್ಗದ ಮೇಲೆ ಬಟ್ಟೆಗಳನ್ನು ಮನಸ್ಸಿಗೆ ಬಂದಂತೆ ಹರವಿದ್ದರೆ, ಅವಳು ಒಳಗೆ ಹೋದ ಮೇಲೆ ಎತ್ತರದ ಪ್ರಕಾರ ಜೋಡಿಸಿಟ್ಟು ಬರುತ್ತೇನೆ. "ಟಾವೆಲ್ಲಿಗೂ ಸಾವಧಾನ, ವಿಶ್ರಾಮ ಕಲಸ್ತೀರೇನ್ರಿ?" ಎಂದು ಅವಳು ಕೇಳುತ್ತಾಳೆ. ಕಲಿಸಬಾರದು ಎಂದು ಎಲ್ಲಿಯೂ ಬರೆದಿಲ್ಲವಲ್ಲ ಎಂದು ನಾನು ಮುಂದಿನ ಟಾವೆಲ್ಲಿಗೆ ಕೈ ಹಾಕುತ್ತೇನೆ.

ಇಂಥ ನಾನು ಮನೆ ಕಟ್ಟಿಸಿದ್ದು ಕುಷ್ಟಗಿಯ ಹುಣಸೀಗಿಡದ ಓಣಿಯಲ್ಲಿ. ಗಿಡ ನಾನು ಬರುವ ಮೊದಲೇ ಬಿದ್ದುಹೋಗಿದೆ. ಹೆಸರು ಮಾತ್ರ ನಿಂತಿದೆ. ಓಣಿಯ ಒಂದು ತುದಿ ಬಜಾರಕ್ಕೆ ತೆರೆದರೆ ಇನ್ನೊಂದು ತುದಿ ಬಸ್‌ಸ್ಟ್ಯಾಂಡಿನ ರಸ್ತೆಗೆ ತೆರೆಯುತ್ತದೆ. ದೊಡ್ಡ ರಸ್ತೆಯಲ್ಲಿ ಸುತ್ತಿ ಹೋಗುವ ಬದಲು, ಹಳ್ಳಿಗಳಿಂದ ಬಂದವರೆಲ್ಲ ಬಜಾರದ ಕೆಲಸ ಮುಗಿಸಿ ಇದರೊಳಗೇ ಹಾಯ್ದು ಬಸ್ಸು ಹಿಡಿಯುತ್ತಾರೆ. ಹಾಯುತ್ತಾರೆ ಎಂದೆನೇ ಹೊರತು ನಡೆಯುತ್ತಾರೆ ಎನ್ನಲಿಲ್ಲ. ನಮ್ಮ ಓಣಿಯಲ್ಲಿ ನೆಟ್ಟಗೆ ನಡೆದವರನ್ನು ನಾನು ಇನ್ನೂ ನೋಡಿಲ್ಲ. ಒಬ್ಬರ ಮನೆಯ ಮೆಟ್ಟಿಲು ಅರ್ಧ ದಾರಿಗೆ ಇಳಿದು ಬಂದಿದೆ. ಇನ್ನೊಬ್ಬರ ನೀರಿನ ಬ್ಯಾರಲ್ಲು ಮನೆಯ ಹಿರಿಯರಂತೆ ಹೊರಗೇ ಕೂತಿದೆ. ಮತ್ತೊಬ್ಬರು ಶೇಂಗಾ ಹರವಿದ್ದಾರೆ. ಆ ಶೇಂಗಾ ತಿನ್ನಲು ಬಂದ ಎಮ್ಮೆ ತಿಂದಾದ ಮೇಲೆ ಅಲ್ಲಿಯೇ ಅಡ್ಡ ಮಲಗಿದೆ. ಇವೆಲ್ಲವನ್ನೂ ಬಳಸಿಕೊಂಡು ನಡೆದರೆ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮನುಷ್ಯ ಒಂದು ಕಬಡ್ಡಿ ಪಂದ್ಯ ಆಡಿದಷ್ಟು ದಣಿದಿರುತ್ತಾನೆ.

ಈ ಎಲ್ಲದರ ವಿರುದ್ಧ ನಾನು ವರ್ಷಾನುಗಟ್ಟಲೆ ಹೋರಾಡಿದ್ದೇನೆ. ನನ್ನ ಮುಖ್ಯ ಎದುರಾಳಿ ಶರಣವ್ವ. ಓಣಿಯ ನಟ್ಟನಡುವೆ, ತನ್ನ ಮನೆಯ ಮುಂದೆ, ಅವಳು ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಮಾರುತ್ತಾಳೆ. ಬಸ್ಸಿಗೆ ಹೋಗುವವರು ಅವಳ ಬಾಣಲೆಯ ವಾಸನೆಗೆ ನಿಲ್ಲುತ್ತಾರೆ, ಬಸ್ಸಿನಿಂದ ಇಳಿದು ಬರುವವರು ಆ ವಾಸನೆ ಹಿಡಿದೇ ಓಣಿ ಹೊಗುತ್ತಾರೆ. ಆದರೆ ಅವಳ ಟೇಬಲ್ಲಿಗೆ ಕಾಲು ಬಂದಿದೆಯೋ ಎಂಬ ಅನುಮಾನ ನನಗೆ. ಪ್ರತಿ ದೀಪಾವಳಿಗೆ ಅದು ಒಂದು ಗೇಣು ರಸ್ತೆಗೆ ಸರಿದಿರುತ್ತದೆ. "ಶರಣವ್ವ, ಟೇಬಲ್ಲು ಮತ್ತ ಮುಂದ ಬಂದೈತಿ" ಎಂದು ನಾನು ತಕರಾರು ತೆಗೆದರೆ ಅವಳು ಬಾಣಲೆಯಿಂದ ಕಣ್ಣೆತ್ತದೆ ಉತ್ತರ ಕೊಡುತ್ತಾಳೆ: "ಟೇಬಲ್ ಇದ್ದಲ್ಲೇ ಐತ್ರಿ ಮಾಸ್ತರ್ರ. ನೌಕರಿ ಬಿಟ್ಟ ಮ್ಯಾಲ ನಿಮ್ಮ ಹೊಟ್ಟಿ ಮುಂದ ಬಂದೈತಿ. ಅದಕ್ಕ ಹಾದಿ ಸಣ್ಣದು ಕಾಣತೈತಿ ನಿಮಗ."

ಇನ್ನು ಹಂದರದ ವಿಷಯ. ನಮ್ಮ ಓಣಿಯವರಿಗೆ ರಸ್ತೆಯೆಂದರೆ ಮನೆಯ ದೊಡ್ಡ ಪಡಸಾಲೆ. ಮದುವೆಯಿರಲಿ, ಕೂಸಿಗೆ ತೊಟ್ಟಿಲಿರಲಿ, ಸೀಮಂತವಿರಲಿ, ಈ ಗೋಡೆಯಿಂದ ಆ ಗೋಡೆಯವರೆಗೆ ಹಂದರ ಬೀಳಲೇಬೇಕು. ನಡುವೆ ಒಬ್ಬ ಮನುಷ್ಯ ಹೋಗುವಷ್ಟಾದರೂ ಸಂದಿ ಬಿಡಿ ಎಂದು ನಾನು ಬೇಡಿಕೊಂಡಿದ್ದೇನೆ. ಶಾಮಿಯಾನದ ಖಾದರಸಾಬ ನಮ್ಮ ಓಣಿಯವನೇ. ಅವನ ಕಬ್ಬಿಣದ ಪೈಪುಗಳೂ ಸಹ ರಸ್ತೆಯ ಮೇಲೆಯೇ ಮಲಗುತ್ತವೆ. ಅವನು ನನ್ನ ಮಾತಿಗೆ ನಗುತ್ತಾನೆ. "ಸರ್, ಸಂದಿ ಬಿಟ್ರ ಮಂದಿ ಹೊರಗಿಂದ ಹೊರಗ ಹೋಗಿಬಿಡ್ತಾರ್ರಿ. ಒಳಗ ಹಾಯಲಿ, ಉಂಡು ಹೋಗಲಿ. ಹಂದರದಾಗ ಬಂದಾವ್ರನ್ನ ಬರೀ ಬಾಯಿಲೆ ಕಳಸಬಾರದು." ಇದು ನಮ್ಮ ಓಣಿಯ ಅಲಿಖಿತ ಕಾನೂನು. ತೊಟ್ಟಿಲಿನ ಹಂದರದಲ್ಲಿ ಹಾಯ್ದರೆ ಗುಗ್ಗರಿ, ಮದುವೆಯ ಹಂದರದಲ್ಲಿ ಹಾಯ್ದರೆ ಗೋಧಿ ಹುಗ್ಗಿ. ನೀವು ಯಾರು, ಯಾವ ಊರು ಎಂದು ಯಾರೂ ಕೇಳುವುದಿಲ್ಲ. ಒಮ್ಮೆ ತಲೆನೋವಿನ ಗುಳಿಗೆ ತರಲು ಹೊರಟ ನಾನು ಎರಡು ಹಂದರ ದಾಟುವಷ್ಟರಲ್ಲಿ ತಲೆನೋವು ಮರೆತು, ಔಷಧಿ ಅಂಗಡಿ ಮುಟ್ಟಿ, ಹೊಟ್ಟೆನೋವಿನ ಗುಳಿಗೆ ತಂದೆ.

ಹೀಗೆ ರಸ್ತೆಯನ್ನು ತೆರವು ಮಾಡಿಸಲಾಗದೆ ನಾನು ಸೋತು ಕೂತಿದ್ದಾಗ, ರಸ್ತೆಯನ್ನೇ ಮುಚ್ಚಿಸಬೇಕೆಂದು ಒಬ್ಬ ಹೊರಟ. ಅವನು ವೀರೇಶಪ್ಪ, ನನ್ನ ಹಳೆಯ ವಿದ್ಯಾರ್ಥಿ, ಬಸ್‌ಸ್ಟ್ಯಾಂಡಿನ ಕಡೆಯ ತುದಿಯಲ್ಲಿ ಮಂಗಲ ಕಾರ್ಯಾಲಯ ಕಟ್ಟಿಸಿದವನು. ಓಣಿಯ ಎಡಕ್ಕೆ ಅಕ್ಷತೆ ಬೀಳುವ ಸಭಾಂಗಣ, ಬಲಕ್ಕೆ ಊಟದ ಸಭಾಂಗಣ; ನಡುವೆ ನಮ್ಮ ರಸ್ತೆ. ಬೀಗರು ಅಕ್ಷತೆ ಹಾಕಿ ಊಟಕ್ಕೆ ದಾಟುವಾಗ ಮೋಟಾರ್‌ಸೈಕಲ್ಲುಗಳು ಹಾರ್ನು ಹೊಡೆಯುತ್ತವೆ, ರೇಷ್ಮೆ ಸೀರೆಗಳಿಗೆ ಕೆಸರು ಸಿಡಿಯುತ್ತದೆ ಎಂಬುದು ಅವನ ದುಃಖ. ಆದ್ದರಿಂದ ತುದಿಗೆ ಗೇಟು ಹಾಕಿ, ಆ ಭಾಗವನ್ನು ತನ್ನ ಆವರಣಕ್ಕೆ ಸೇರಿಸಿಕೊಡಬೇಕೆಂದು ಪುರಸಭೆಗೆ ಅರ್ಜಿ ಹಾಕಿದ. ಅರ್ಜಿಯಲ್ಲಿ ಅವನು ಬರೆಸಿದ್ದ ಕಾರಣ ಓದಿ ನನಗೆ ಮೈ ಉರಿಯಿತು. ಈ ಓಣಿಯಲ್ಲಿ ಸದಾ ಏನಾದರೊಂದು ಅಡ್ಡ ಇರುವುದರಿಂದ ಇದನ್ನು ಯಾರೂ ದಾರಿಯಾಗಿ ಬಳಸುವುದಿಲ್ಲ, ಇದು ದಾರಿಯೇ ಅಲ್ಲ ಎಂದು! ಉರಿದದ್ದು ಮಾತು ಸುಳ್ಳೆಂದಲ್ಲ. ಅರ್ಧ ಮಾತು ನನ್ನದೇ ಆಗಿತ್ತು. ಅಡ್ಡ ಇದೆ, ಅಡ್ಡ ಇದೆ ಎಂದು ನಾನು ಓಣಿಯಲ್ಲಿ ನಿಂತು ಕೂಗಿದ್ದನ್ನೆಲ್ಲ ಅವನು ಎತ್ತಿಕೊಂಡು ಹೋಗಿ ಟೈಪು ಮಾಡಿಸಿದ್ದ. ಶಾಲೆಯಲ್ಲಿಯೂ ಅವನು ಹಾಗೆಯೇ. ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ, ಆದರೆ ಸಾಲು ನೆಟ್ಟಗಿಲ್ಲವೆಂದು ಮೊದಲು ದೂರು ಹೇಳುತ್ತಿದ್ದವನು ಅವನೇ.

ನಿಜ ಹೇಳಬೇಕೆಂದರೆ, ಸುದ್ದಿ ಕೇಳಿದ ಮೊದಲ ಗಳಿಗೆಯಲ್ಲಿ ನನಗೆ ಆ ಗೇಟಿನ ಮೇಲೆ ಸ್ವಲ್ಪ ಆಸೆಯೇ ಹುಟ್ಟಿತು. ಹೊತ್ತಿಗೆ ಸರಿಯಾಗಿ ತೆರೆಯುವುದು, ಹೊತ್ತಿಗೆ ಸರಿಯಾಗಿ ಮುಚ್ಚುವುದು. ಗೇಟಿನಷ್ಟು ಶಿಸ್ತಿನ ವಸ್ತು ಇನ್ನೊಂದಿಲ್ಲ. ಅಷ್ಟರಲ್ಲಿ ಶರಣವ್ವ ನಮ್ಮ ಕಟ್ಟೆಗೆ ಬಂದು ಕೂತಳು. ಉರಿಯುವ ಒಲೆ ಬಿಟ್ಟು ಅವಳು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಮಾಸ್ತರ್ರ, ಗೇಟ್ ಬಿತ್ತಂದ್ರ ನನ್ನ ಬಾಣಲಿ ತಣ್ಣಗಾತು ನೋಡ್ರಿ" ಎಂದಳು.

"ಯಾಕ? ಓಣಿ ಮಂದಿ ಇಲ್ಲೇನು?" ಎಂದೆ.

"ಓಣಿ ಮಂದಿ ನನ್ನ ಮಿರ್ಚಿ ತಿಂತಾರೇನ್ರಿ? ಅವ್ರು ಎಣ್ಣಿ ಯಾವಾಗ ಹಾಕಿದ್ದು, ಹಿಟ್ಟು ಯಾವಾಗ ಕಲಸಿದ್ದು ಅಂತ ಕೇಳಾವ್ರು. ಹಾದಿ ಮಂದಿಗೆ ಬಸ್ಸಿನ ಗಡಿಬಿಡಿ. ಏನೂ ಕೇಳಂಗಿಲ್ಲ, ತಿಂದು ಹೊಕ್ಕಾರ. ಆ ಹಾದಿ ಮಂದಿ ಮ್ಯಾಲ ನನ್ನ ಮನಿ ನಿಂತೈತ್ರಿ. ಹುಡುಗೀನ ಅದರ ಮ್ಯಾಲ ಓದಸಾಕತ್ತೀನಿ." ಸೆರಗಿನಿಂದ ಮುಖ ಒರೆಸಿಕೊಂಡಳು. ನಂತರ ನನ್ನನ್ನು ನೋಡಿ ಅಂದಳು: "ಟೇಬಲ್ ಹಿಂದ ಸರಸು, ಹಿಂದ ಸರಸು ಅಂತ ಇಷ್ಟು ವರ್ಷ ಬೈದ್ರಿ. ಹಾದೀನ ಹೋದ ಮ್ಯಾಲ ಎದರಿಂದ ಹಿಂದ ಸರಸ್ಲಿ, ನೀವ ಹೇಳ್ರಿ."

ನಾನು ಕಟ್ಟೆಯಿಂದ ಎದ್ದು ನಿಂತೆ. ಒಳಗಿನಿಂದ ಗಿರಿಜವ್ವ, "ಸೀಟಿ ಗ್ವಾಡಿ ಮ್ಯಾಲಿನ ಮಾಡದಾಗ ಐತ್ರಿ" ಎಂದಳು. ಅವಳಿಗೆ ನನ್ನ ಮನಸ್ಸು ನನಗಿಂತ ಮೊದಲು ತಿಳಿಯುತ್ತದೆ.

ಹೀಗೆ ಹುಣಸೀಗಿಡದ ಓಣಿಯ ರಸ್ತೆ ಉಳಿಸುವ ಹೋರಾಟದ ಮುಖಂಡತ್ವ ನನ್ನ ಪಾಲಿಗೆ ಬಂತು. ಅಧಿಕಾರಿಯೊಬ್ಬರು ಬಂದು ಸ್ಥಳ ನೋಡುತ್ತಾರೆ, ತಕರಾರು ಇದ್ದವರು ಆಗಲೇ ಹೇಳಬಹುದು ಎಂದು ಪುರಸಭೆಯಿಂದ ತಿಳಿದುಬಂದಿತ್ತು. ನಮ್ಮ ಕಟ್ಟೆಯ ಮೇಲೆ ಸಭೆ ಸೇರಿಸಿದೆ. ಸಭೆಯಲ್ಲಿ ಎಲ್ಲರೂ ರಸ್ತೆ ಉಳಿಯಬೇಕೆಂದರು, ಆಮೇಲೆ ಒಬ್ಬರು ಗಟಾರದ ವಿಷಯ ತೆಗೆದರು, ಇನ್ನೊಬ್ಬರು ನಲ್ಲಿಯ ನೀರಿನ ವಿಷಯ ತೆಗೆದರು, ಮತ್ತೊಬ್ಬರು ಎಮ್ಮೆಯ ವಿಷಯ ತೆಗೆದರು. ಎಮ್ಮೆಯವರೂ ಅಲ್ಲಿಯೇ ಇದ್ದದ್ದರಿಂದ ಆ ವಿಷಯ ಬಹಳ ಹೊತ್ತು ನಡೆಯಿತು. ಕೊನೆಗೆ ನಾನು ಸೀಟಿ ಊದಿ ಒಂದೇ ನಿರ್ಣಯ ಮಾಡಿಸಿದೆ: ಅಧಿಕಾರಿ ಬಂದ ದಿನ ಎಲ್ಲರೂ ಓಣಿಯಲ್ಲಿ ಧರಣಿ ಕೂರಬೇಕು, ಮಾತಾಡುವುದು ಒಬ್ಬರೇ, ಅಂದರೆ ನಾನು.

ಧರಣಿಯೆಂದರೆ ಸುಮ್ಮನೆ ಹೋಗಿ ಕೂರುವುದಲ್ಲ. ಸಂಜೆ ಹೊತ್ತು ಎಲ್ಲರನ್ನೂ ಕರೆದು ತಾಲೀಮು ಮಾಡಿಸಿದೆ. ಸುಣ್ಣದ ಪುಡಿಯಿಂದ ಗೆರೆ ಎಳೆದು, ಒಬ್ಬರ ಮೊಳಕಾಲು ಇನ್ನೊಬ್ಬರ ಬೆನ್ನಿಗೆ ತಾಗದಂತೆ ಜಾಗ ಗುರುತು ಹಾಕಿದೆ. ಗಿಡ್ಡ ಇರುವವರು ಮುಂದೆ, ಎತ್ತರದವರು ಹಿಂದೆ. ಈ ಲೆಕ್ಕದಲ್ಲಿ ಗಿರಿಜವ್ವ ಮೊದಲ ಸಾಲಿನಲ್ಲಿ ಕೂರಬೇಕಾಗಿ ಬಂತು. "ಇಷ್ಟು ವರ್ಷ ಸಂಸಾರ ಮಾಡಿ ಎಲ್ಲಾರ ಮುಂದ ನನ್ನ ಗಿಡ್ಡಿ ಅಂತ ಸಾರಿದ್ರಲ್ಲ" ಎಂದು ಅವಳು ಎದ್ದು ಹೋದಳು. ಉಳಿದವರಿಗೆ ಘೋಷಣೆ ಕಲಿಸಿದೆ. ನಾನು "ರಸ್ತಾ ಯಾರದು?" ಎಂದರೆ ಅವರು "ನಮ್ಮೆಲ್ಲಾರದು!" ಎನ್ನಬೇಕು. ಮೊದಲ ಸಲ ಕೇಳಿದಾಗ ಹಿಂದಿನ ಸಾಲಿನಿಂದ ಎಮ್ಮೆಯವರು, "ಪುರಸಭಾದ್ದರಿ" ಎಂದರು. ಅದು ಕಾಯದೆ ಪ್ರಕಾರ ಸರಿಯಾದ ಉತ್ತರವಾದ್ದರಿಂದ ನಾನು ಬೈಯಲೂ ಆಗಲಿಲ್ಲ.

ಬಿಸಿಲಿನ ದಿನಗಳು. ಹಿರಿಯರು ಬಯಲಿನಲ್ಲಿ ಕೂರಲಾರರು ಎಂದು ಖಾದರಸಾಬ ಮುಂದೆ ಬಂದ. "ಸರ್, ಹಂದರಿಲ್ಲದ ಧರಣಿ ಯಾರು ನಂಬ್ತಾರ್ರಿ? ಓಣಿ ಕೆಲಸ, ಬಾಡಿಗಿ ಬ್ಯಾಡ. ನಾನ ಹಾಕ್ತೀನಿ" ಎಂದ. ಆದರೆ ಅವನ ಸಾದಾ ಹಂದರಗಳೆಲ್ಲ ಯಲಬುರ್ಗಾ ಕಡೆಯ ಮದುವೆಗಳಿಗೆ ಹೋಗಿದ್ದವು. ಉಳಿದದ್ದು ಒಂದೇ, ಕೆಂಪು ಹಳದಿ ಝಾಲರಿಯ, ಸುಸ್ವಾಗತ ಎಂದು ಕಮಾನಿದ್ದ ಭಾರಿ ಹಂದರ. ಇರಲಿ ಎಂದೆ. ಖಾದರಸಾಬ ಹಂದರ ಹಾಕುವುದು ಅಂದಾಜಿನ ಮೇಲೆ. ಕಂಬಗಳು ಅವನಿಗೆ ಬೇಕಾದ ಕಡೆ ವಾಲಿರುತ್ತವೆ. ನಾನು ಬಿಡಲಿಲ್ಲ. ಹುರಿ ಹಿಡಿದು ಮೂಲೆ ಸರಿಮಾಡಿಸಿದೆ, ಕಂಬಗಳನ್ನು ಗೋಡೆಗೆ ಅಂಟಿಸಿ ನೆಡಿಸಿದೆ, ಎರಡೂ ಬದಿಯ ಪರದೆಗಳನ್ನು ಜಗ್ಗಿ ಕಟ್ಟಿಸಿದೆ. ಕೆಲಸ ಮುಗಿದಾಗ ಖಾದರಸಾಬ ದೂರ ನಿಂತು ನೋಡಿ, "ಸರ್, ಭಾಳ ಛಲೋ ಬಂದೈತಿ. ಒಂದು ಆಡಿನ ಮರಿ ಸುದ್ದಾ ನುಸಳಂಗಿಲ್ಲ" ಎಂದ. ನನಗೆ ಹೆಮ್ಮೆಯಾಯಿತು. ಒಂದು ರಸ್ತೆಯ ವಿಷಯದಲ್ಲಿ ಅದು ಹೊಗಳಿಕೆಯೇ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ.

ಯೋಚಿಸಿದವಳು ಗಿರಿಜವ್ವ ಒಬ್ಬಳೇ. "ಅಧಿಕಾರಿ ಬರೂ ದಿನ ಹುಣ್ಣಿಮಿ ಐತ್ರಿ. ಹುಲಿಗಿ ಅಮ್ಮನ ಗುಡಿಗೆ ಹೋಗೋ ಮಂದಿ ಬಸ್ಸಿಗೆ ಇಲ್ಲೇ ಹಾಯ್ತಾರ" ಎಂದು ನೆನಪಿಸಿದಳು. "ಅವರನ್ನ ಸುತ್ತಿ ಕಳಸಿದ್ರಾತು" ಎಂದೆ. ಈ ಉತ್ತರ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಅವಳು ಇನ್ನೊಮ್ಮೆ ನನ್ನ ಮುಖ ನೋಡಿ ಹಿಟ್ಟು ನಾದಲು ಹೋದಳು. ನನ್ನ ಕಷ್ಟ ಅವಳಿಗೆ ಹೇಗೆ ತಿಳಿಯಬೇಕು? ಮುಖ್ಯ ಅತಿಥಿ ಬರುವಾಗ ಮೈದಾನದಲ್ಲಿ ಒಂದು ನಾಯಿಯೂ ಅಡ್ಡಾಡಬಾರದು ಎಂಬುದು ನನ್ನ ರಕ್ತದಲ್ಲಿ ಸೇರಿದ ಪಾಠ. ಒಮ್ಮೆ ಸ್ವಾತಂತ್ರ್ಯ ದಿನದಂದು ಶಾಲೆಯ ಹಿಂಬಾಗಿಲಿನಿಂದ ನಡೆದು ಬಂದ ಧೋತರದ ಹಿರಿಯರೊಬ್ಬರನ್ನು ನಾನು ತಡೆದು, ಮುಂಬಾಗಿಲಿಗೆ ಸುತ್ತಿ ಬರಬೇಕೆಂದು ಕಳಿಸಿದ್ದೆ. ಅವರು ಸುತ್ತಿ ಬರುವವರೆಗೆ ಧ್ವಜ ಮೇಲೇರಲಿಲ್ಲ. ಏರಿಸಬೇಕಾದವರು ಅವರೇ ಆಗಿದ್ದರು.

ಹುಣ್ಣಿಮೆಯ ಬೆಳಿಗ್ಗೆ ನಾನು ಬಿಳಿ ಪ್ಯಾಂಟು, ಬಿಳಿ ಬೂಟು ಹಾಕಿ ಸಜ್ಜಾದೆ. ಓಣಿಯವರು ಗೆರೆಯ ಮೇಲೆ ಕೂತರು. ಓಣಿಯ ಕೆಲಸಕ್ಕೆಂದು ಶರಣವ್ವ ಹಂದರದೊಳಗೇ ಬಾಣಲೆ ಇಟ್ಟಿದ್ದಳು; ಧರಣಿ ಕೂತವರಾದರೂ ಹಸಿದು ಕೂರಬಾರದಲ್ಲ. ಅಲ್ಲಿಯವರೆಗೆ ಎಲ್ಲವೂ ನನ್ನ ಯೋಜನೆಯ ಪ್ರಕಾರವೇ ನಡೆಯಿತು. ಆಮೇಲೆ, ವೀರೇಶಪ್ಪನ ಮಂಗಲ ಕಾರ್ಯಾಲಯದಲ್ಲಿ ಅಂದು ಮದುವೆಯಿದ್ದುದರಿಂದ, ಗಂಗಾವತಿ ಕಡೆಯಿಂದ ಬಂದ ಬೀಗರ ಒಂದು ದಂಡು ಬಜಾರದ ತುದಿಯ ಸುಸ್ವಾಗತ ಕಮಾನು ನೋಡಿ ನಮ್ಮ ಹಂದರದೊಳಗೆ ಬಂತು. ನಮ್ಮವರು ಸಾಲಾಗಿ ಕೂತಿದ್ದನ್ನು ಕಂಡು ಇದು ಊಟದ ಪಂಕ್ತಿಯೇ ಎಂದು ಅವರೂ ಶಿಸ್ತಿನಿಂದ ಹಿಂದಿನ ಸಾಲಿನಲ್ಲಿ ಕೂತರು. ಅವರಷ್ಟು ಚೆನ್ನಾಗಿ ಗೆರೆಯ ಮೇಲೆ ನಮ್ಮವರೂ ಕೂತಿರಲಿಲ್ಲ. ನಾನು ಯಾರೋ ಬೆಂಬಲಕ್ಕೆ ಬಂದಿದ್ದಾರೆಂದು ತಿಳಿದು "ರಸ್ತಾ ಯಾರದು?" ಎಂದು ಕೂಗಿದೆ. ಅವರಲ್ಲೊಬ್ಬರು ಪಕ್ಕದವರಿಗೆ, "ಹುಡುಗನ ಕಡೇವ್ರದಿರಬೇಕು" ಎಂದದ್ದು ನನಗೆ ಕೇಳಿಸಿತು.

ಅವರಿಗೆ ಶರಣವ್ವ ಮಿರ್ಚಿ ಕೊಡುತ್ತಿರುವಾಗಲೇ ಹುಲಿಗಿಯ ಜನ ಬರತೊಡಗಿದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಹಣೆ ತುಂಬ ಅರಿಸಿನದ ಭಂಡಾರ. ನಾನು ಬಜಾರದ ತುದಿಗೆ ಓಡಿ, ಕಮಾನಿನ ಕೆಳಗೆ ಕೈ ಅಗಲಿಸಿ ನಿಂತು ಸೀಟಿ ಊದಿದೆ. "ಸುತ್ತಿ ಹೋಗ್ರಿ! ದೊಡ್ಡ ರಸ್ತಾ ಹಿಡೀರಿ! ಇವತ್ತು ಇಲ್ಲಿ ಹಾಯಂಗಿಲ್ಲ!" ಕೆಲವರು ನಿಂತರು. ನಿಂತವರ ಹಿಂದೆ ಇನ್ನಷ್ಟು ಜನ ನಿಂತರು. ಮುಂದೆ ಇದ್ದವಳು ಒಬ್ಬ ಅಜ್ಜಿ, ತಲೆಯ ಮೇಲೆ ಅಮ್ಮನ ಬುಟ್ಟಿ ಹೊತ್ತವಳು.

"ಯಾಕೋ ಯಪ್ಪಾ, ಯಾರ ಮದುವಿ?" ಎಂದು ಕೇಳಿದಳು.

"ಮದುವಿ ಅಲ್ಲವಾ, ಧರಣಿ."

"ಎದಕ್ಕ ಧರಣಿ?"

"ರಸ್ತಾ ಬಂದ್ ಮಾಡಬಾರದು ಅಂತ."

ಅಜ್ಜಿ ನನ್ನ ಅಗಲಿಸಿದ ಕೈಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. "ಹಂಗಾರ ಕೈ ತಗಿ" ಎಂದಳು.

ಇಲ್ಲಿಯಾದರೂ ನನಗೆ ಬುದ್ಧಿ ಬರಬೇಕಿತ್ತು. ಆದರೆ ಸಾಲು ಕೆಡುತ್ತಿದೆ, ಮುಖ್ಯ ಅತಿಥಿ ಯಾವ ಕ್ಷಣಕ್ಕಾದರೂ ಬರಬಹುದು ಎಂಬ ಗಾಬರಿಯಲ್ಲಿ ನನ್ನ ನಾಲಗೆ ಶಾಲೆಯ ಮೈದಾನಕ್ಕೆ ಹೋಗಿಬಿಟ್ಟಿತ್ತು. ಇಡೀ ಓಣಿಗೆ ಕೇಳುವಂಥ ದನಿಯಲ್ಲಿ ಕೂಗಿದೆ: "ಒಮ್ಮೆ ಹೇಳಿದ್ರ ತಿಳಿಯಂಗಿಲ್ಲೇನು? ಇದು ದಾರಿ ಅಲ್ಲ! ಸುತ್ತಿ ಹೋಗ್ರಿ!"

ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದೆ. ಬಸ್‌ಸ್ಟ್ಯಾಂಡಿನ ತುದಿಯಿಂದ, ಸಾಲುಗಳ ನಡುವೆ ಕಾಲು ಎತ್ತಿಡುತ್ತ, ಚಿಕ್ಕ ವಯಸ್ಸಿನ ಅಧಿಕಾರಿ ಮೇಡಂ ಬಂದು ನಿಂತಿದ್ದರು. ಪಕ್ಕದಲ್ಲಿ ವೀರೇಶಪ್ಪ. ಅವನ ಮುಖ ಕಿನ್ನಾಳದ ಗೊಂಬೆಗೆ ಈಗಷ್ಟೇ ಬಣ್ಣ ಬಳಿದಂತೆ ಹೊಳೆಯುತ್ತಿತ್ತು.

"ಕೇಳಿದ್ರ್ಯಲ್ರಿ ಮೇಡಂ" ಎಂದ. "ಇದು ದಾರಿ ಅಲ್ಲ ಅಂತ ಮಾಸ್ತರ ಬಾಯಿಲೆ ಬಂತು. ನಾನು ಅರ್ಜಿಯೊಳಗ ಬರದಿದ್ದೂ ಇಷ್ಟ. ಸಾಲ್ಯಾಗ ನಮಗ ಇವ್ರು ಸುಳ್ಳು ಹೇಳಾಕ ಕಲಸಿಲ್ಲ, ತಾವೂ ಹೇಳಂಗಿಲ್ರಿ."

ನಾನು ಶರಣವ್ವನ ಕಡೆ ನೋಡಿದೆ. ಅವಳು ಬೈಯುತ್ತಾಳೆಂದು ಕಾದೆ. ಅವಳ ಬೈಗುಳಗಳು ನನಗೆ ರೂಢಿಯಾಗಿದ್ದವು. ಅವಳು ಬೈಯಲಿಲ್ಲ. ಕೈಯಲ್ಲಿದ್ದ ಮಿರ್ಚಿ ಎತ್ತುವ ಝಾರಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಲೆಯ ಉರಿ ಸಣ್ಣ ಮಾಡಿ, ಅಂಗಡಿ ಮುಚ್ಚುವವಳಂತೆ ಹಿಟ್ಟಿನ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದಳು. ನನ್ನ ಇಡೀ ನೌಕರಿಯಲ್ಲಿ ಅಷ್ಟು ದೊಡ್ಡ ಸೋಲು ನನಗೆ ಆಗಿರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ರೂಢಿಯಂತೆ ಕೈ ಸೀಟಿಯನ್ನೇ ಬಾಯಿಗೆ ತಂದಿತು; ಅದು ಕುಂಯ್ ಎಂದಿತು, ಅಷ್ಟೆ.

ಅಷ್ಟರಲ್ಲಿ ಅಜ್ಜಿಗೆ ಸಾಕಾಯಿತು. "ಏ, ಯಾರಿಂವ? ದಾರಿ ಅಲ್ಲ ಅನ್ನಾಕ ನೀ ಯಾರೋ? ನಾ ಲಗ್ನ ಆಗಿ ಬಂದಾಗಿಂದ ಹುಣ್ಣಿಮಿಗೊಮ್ಮೆ ಇಲ್ಲೇ ಹೊಂಟೀನಿ. ನನ್ನ ಅತ್ತಿನೂ ಇಲ್ಲೇ ಹೊಂಟಿದ್ಲು. ತಲಿ ಮ್ಯಾಲ ಅಮ್ಮ ಅದಾಳ, ಸುತ್ತಿ ಹೋಗು ಅಂತಾನ ಇಂವ, ಬಸ್ಸು ಇವನ ಅಪ್ಪ ನಿಲ್ಲಸ್ಯಾನ?" ಎಂದವಳೇ, ಬುಟ್ಟಿ ಅಲುಗದಂತೆ ಬಗ್ಗಿ ನನ್ನ ಕಂಕುಳ ಕೆಳಗಿನಿಂದ ಒಳಗೆ ನುಗ್ಗಿದಳು. ಕಟ್ಟೆ ಒಡೆದಂತಾಯಿತು. ಹಿಂದಿದ್ದವರೆಲ್ಲ ನುಗ್ಗಿದರು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲು ಬಂತು, ಮಂಚದ ಕಾಲು ಹೊತ್ತ ಗಂಡ ಹೆಂಡತಿ ಬಂದರು, ಎಮ್ಮೆಯೂ ಬಂತು. ನನ್ನ ಗೆರೆಯ ಮೇಲೆ ಕೂತವರ ನಡುವೆ ಅವರೆಲ್ಲ ಈ ಕಡೆ ಆ ಕಡೆ ಸುಳಿದು ಓಡುವುದನ್ನು ನೋಡಿದರೆ, ನಾನು ಎಳೆದದ್ದು ಧರಣಿಯ ಸಾಲಲ್ಲ, ಪಕ್ಕಾ ಖೋ-ಖೋ ಅಂಗಣವೆಂದು ಗೊತ್ತಾಗುತ್ತಿತ್ತು. ಬೀಗರ ಸಾಲಿನಿಂದ ಯಾರೋ ಉತ್ಸಾಹ ತಡೆಯದೆ "ಖೋ!" ಎಂದೂ ಕೂಗಿದರು.

ಮೇಡಂ ತಮಗಾಗಿ ಹಾಕಿಟ್ಟಿದ್ದ ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಗೆ ಸರಿದು ನಿಂತು ಬಹಳ ಹೊತ್ತು ನೋಡಿದರು. ಹಾಯುತ್ತಿದ್ದವರಲ್ಲಿ ಕೆಲವರನ್ನು ನಿಲ್ಲಿಸಿ, "ದಿನಾ ಇಲ್ಲೇ ಬರ್ತೀರೇನು?" ಎಂದು ಕೇಳಿದರು. "ಮತ್ತೆಲ್ಲಿ ಬರ್ಬೇಕ್ರಿ?" ಎಂದು ಅವರು ನಿಲ್ಲದೆಯೇ ಉತ್ತರ ಕೊಟ್ಟರು.

"ಇವತ್ತು ಹುಣ್ಣಿಮಿ ಐತ್ರಿ ಮೇಡಂ, ಅದಕ್ಕ ಗದ್ದಲ" ಎಂದ ವೀರೇಶಪ್ಪ.

"ಹಾಲಿನಾಂವ ಹುಣ್ಣಿಮಿಗಷ್ಟ ಹಾಲು ಹಾಕ್ತಾನೇನ್ರಿ?" ಎಂದು ಮೇಡಂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ನಾನು ನನಗರಿವಿಲ್ಲದೆಯೇ ಸಾವಧಾನದಲ್ಲಿ ನಿಂತೆ. "ಸರ್, ಅಡ್ಡ ಹಂದರ ಐತಿ, ಮಂದಿ ಕುಂತೈತಿ, ಮ್ಯಾಲ ನೀವು ಸೀಟಿ ಊದಾಕತ್ತೀರಿ. ಇಷ್ಟೆಲ್ಲಾ ಬಂದೋಬಸ್ತ್ ಇದ್ರೂ ಜನ ನಿಂತಿಲ್ಲ. ಇದು ದಾರಿ ಅಲ್ಲಂದ್ರ ಈ ಊರಾಗ ಯಾವುದು ದಾರಿ?"

ನಾನು "ಹೌದ್ರಿ" ಎಂದೆ. ಮಾತಾಡುವುದು ನಾನೊಬ್ಬನೇ ಎಂದು ನಿರ್ಣಯವಾಗಿತ್ತಲ್ಲ. ನನ್ನ ಇಡೀ ಭಾಷಣ ಅದೇ ಆಯಿತು.

ಅವರು ಹೊರಡುವಾಗ ಶರಣವ್ವ ತಟ್ಟೆ ತೆಗೆದು ಉರಿ ಜೋರು ಮಾಡಿದಳು. "ಹಂದರದಾಗ ಬಂದೀರಿ ಮೇಡಮ್ಮಾರ, ಹಂಗ ಹೋಗಬಾರದು" ಎಂದಳು. ವಿಚಾರಣೆಗೆ ಬಂದಲ್ಲಿ ತಿನ್ನುವಂತಿಲ್ಲ ಎಂದು ಅವರು ಕೈ ಮುಗಿದರು. ಆದರೆ ಮೂಗು ಮಾತ್ರ ಬಾಣಲೆಯ ಕಡೆ ಒಮ್ಮೆ ತಿರುಗಿದ್ದನ್ನು ಓಣಿಯೆಲ್ಲ ನೋಡಿತು. ಹೋಗುವ ಮೊದಲು ಹೇಳಿದ್ದು ಒಂದೇ ಮಾತು: "ಮೊದಲು ಈ ಹಂದರ ಬಿಚ್ಚಸ್ರಿ. ರಸ್ತಾ ಬಂದ್ ಆಗೈತಿ." ಗಂಗಾವತಿಯ ಬೀಗರಿಗೆ ವಿಷಯ ತಿಳಿಸಿ ಎಬ್ಬಿಸುವುದೇ ಕಷ್ಟವಾಯಿತು. ಹುಗ್ಗಿ ಬರುವವರೆಗೆ ಏಳುವುದಿಲ್ಲ ಎಂದು ಅವರಲ್ಲಿ ಹಿರಿಯರು ಪಟ್ಟು ಹಿಡಿದಿದ್ದರು. ಅಂದು ಓಣಿಯಲ್ಲಿ ನಿಜವಾದ ಧರಣಿ ಮಾಡಿದವರೆಂದರೆ ಅವರೇ.

ಕೆಲವು ದಿನಗಳ ಮೇಲೆ ಗೇಟಿಗೆ ಅನುಮತಿ ಇಲ್ಲವೆಂಬ ಸುದ್ದಿ ಬಂತು. ವೀರೇಶಪ್ಪ ಎದುರಿಗೆ ಸಿಕ್ಕಾಗ, "ಸರ್, ನೀವು ನನ್ನ ಕಡೆ ಅದೀರಂತ ತಿಳಿದಿದ್ದೆ" ಎಂದು ನಕ್ಕ. ಓಣಿಯವರು ನನಗೆ ಸನ್ಮಾನ ಮಾಡಬೇಕೆಂದರು. ಯಾತಕ್ಕೆ ಎಂದು ನಾನು ಸಂಕೋಚದಿಂದ ಕೇಳಿದಾಗ ಗಿರಿಜವ್ವ, "ಸುಮ್ನ ಮಾಡಿಸಿಕೋರಿ. ಕಾರಣ ಕೇಳಿದ್ರ ನೆನಪಾಗಿಬಿಡ್ತೈತಿ ಅವ್ರಿಗೆ" ಎಂದಳು. ಸನ್ಮಾನಕ್ಕೆ ಹಂದರ ಹಾಕಲು ಖಾದರಸಾಬ ಅಳತೆ ಹಿಡಿಯತೊಡಗಿದ್ದನ್ನು ಕಂಡು ನಾನು ಕೈ ಮುಗಿದು ಬೇಡವೆಂದೆ.

ಸುದ್ದಿ ಬಂದ ಸಂಜೆ ಶರಣವ್ವ ನನ್ನನ್ನು ತಡೆದು, ಒಗ್ಗರಣೆಯ ತಟ್ಟೆ ಕೈಗಿತ್ತಳು. ಮೇಲೆ ಬಿಸಿ ಮಿರ್ಚಿ. ಅವಳ ಟೇಬಲ್ಲಿನ ಮುಂದೆ ಬಸ್ಸಿನ ಜನ ಮುತ್ತಿಕೊಂಡಿದ್ದರು. "ಮಾಸ್ತರ್ರ, ನಿಮ್ಮಿಂದ ಹಾದಿ ಉಳೀತ್ರಿ" ಎಂದಳು. "ನೀವು ಸುಮ್ಮನ ಬಿಟ್ಟಿದ್ರ ಮಂದಿ ತಮ್ಮ ಪಾಡಿಗೆ ತಾವು ಹೊಕ್ಕಿದ್ರು, ಮೇಡಮ್ಮಾರ ಕಣ್ಣಿಗೆ ಬೀಳತಿರ್ಲಿಲ್ಲ. ನೀವು ಅಡ್ಡ ನಿಂತ್ರಿ ನೋಡ್ರಿ, ಆವಾಗ ಕಂಡ್ರು." ಹೊಗಳಿದಳೋ ಬೈದಳೋ ಎಂದು ತೂಗಿ ನೋಡುತ್ತ ನಾನು ನಿಂತಲ್ಲಿಯೇ ತಿನ್ನತೊಡಗಿದೆ. ಮಿರ್ಚಿ ಹದವಾಗಿತ್ತು. ಹಿಂದಿನಿಂದ ಮೋಟಾರ್‌ಸೈಕಲ್ಲಿನ ಹಾರ್ನು ಕೇಳಿಸಿತು, ಮತ್ತೊಮ್ಮೆ ಕೇಳಿಸಿತು. "ಕಾಕಾ, ಬಾಜೂ ಸರೀರಿ, ನಟ್ಟನಡುವ ನಿಂತೀರಿ" ಎಂದು ಯಾರೋ ಕೂಗಿದರು. ನೋಡಿದರೆ ಹೌದು, ಓಣಿಯ ನಟ್ಟನಡುವೆ, ಕಾಲು ಅಗಲಿಸಿ, ತಟ್ಟೆ ಹಿಡಿದು ನಾನೇ ನಿಂತಿದ್ದೆ. ಸರಿಯಬೇಕೆಂದು ಮನಸ್ಸಿನಲ್ಲಿ ಬಂತು. ಆದರೆ ಬಾಯಲ್ಲಿ ಮಿರ್ಚಿಯ ಕೊನೆಯ ತುಣುಕು ಇತ್ತು, ಒಗ್ಗರಣೆ ಇನ್ನೂ ಅರ್ಧ ತಟ್ಟೆ ಉಳಿದಿತ್ತು. ಹಿಂತಿರುಗಿ ನೋಡದೆಯೇ ಎಡಗೈ ಎತ್ತಿ, ಸುತ್ತಿ ಹೋಗು ಎಂದು ಸನ್ನೆ ಮಾಡಿದೆ.